ರೋಮ್ ನಗರದ ನೀರಿನ ಲೆಕ್ಕ

ಪ್ರಾಚೀನ ರೋಮ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಜೂಲಿಯಸ್ ಸೀಸರ್, ಕತ್ತಿ ಗುರಾಣಿ ಹಿಡಿದ ಸೈನಿಕರ ಸಾಲು, ಕೊಲೋಸಿಯಂನ ಕಣದಲ್ಲಿ ಸೆಣಸುವ ಮಲ್ಲರು, ಇವೇ ಅಲ್ಲವೇ? ಚಲನಚಿತ್ರಗಳೂ ಶಾಲೆಯ ಪಠ್ಯಪುಸ್ತಕಗಳೂ ನಮಗೆ ಪರಿಚಯಿಸಿದ ರೋಮ್ ಇದು. ಯುದ್ಧ, ವಿಜಯೋತ್ಸವಗಳನ್ನು ಸ್ವಲ್ಪ ಬದಿಗಿಟ್ಟು, ಆ ನಗರದ ಒಂದು ಸಾಮಾನ್ಯ ಬೆಳಗನ್ನು ಊಹಿಸಿಕೊಳ್ಳಿ. ಕ್ರಿ.ಶ. ಒಂದನೆಯ ಶತಮಾನದ ಹೊತ್ತಿಗೆ ರೋಮಿನ ಜನಸಂಖ್ಯೆ ಸುಮಾರು ಹತ್ತು ಲಕ್ಷ ಮುಟ್ಟಿತ್ತೆಂದು ಇತಿಹಾಸಕಾರರ ಅಂದಾಜು. ವಿದ್ಯುತ್ತಿಲ್ಲದ ಕಾಲ. ಹತ್ತು ಲಕ್ಷ ಜನ ಬೆಳಗಾಗೆದ್ದು ಮುಖ ತೊಳೆಯಬೇಕು, ಅಡುಗೆ ಮಾಡಬೇಕು, ಬಟ್ಟೆ ಒಗೆಯಬೇಕು. ಇವರಿಗೆಲ್ಲ ನೀರು ಎಲ್ಲಿಂದ ಬಂತು? ಬಂದ ನೀರನ್ನು ಹಂಚಿದವರು ಯಾರು? ಅದರಲ್ಲಿ ಕದ್ದವರು ಯಾರು?

ಕೊನೆಯ ಪ್ರಶ್ನೆಯನ್ನು ತಮಾಷೆಗೆ ಕೇಳಿದ್ದಲ್ಲ. ಆ ನಗರದ ನೀರಿನ ಲೆಕ್ಕಪುಸ್ತಕವನ್ನು ತೆಗೆದು ನೋಡಿದ ಒಬ್ಬ ಅಧಿಕಾರಿ ಬರೆದಿಟ್ಟ ವರದಿ ಇಂದಿಗೂ ಉಳಿದಿದೆ. ಅದನ್ನು ಓದಿದರೆ ರೋಮನ್ನರ ನೀರಿನ ವೈಭವದ ಗುಟ್ಟು ಎತ್ತರದ ಕಮಾನುಗಳಿಗಿಂತ ಹೆಚ್ಚಾಗಿ ದಿನನಿತ್ಯದ ಕಾವಲು, ದುರಸ್ತಿ ಮತ್ತು ಲೆಕ್ಕದಲ್ಲಿ ಅಡಗಿತ್ತು ಎಂಬುದು ತಿಳಿಯುತ್ತದೆ.

ನದಿಯಿಂದ ಕಾಲುವೆಗೆ

ರೋಮ್ ನಗರ ಸ್ಥಾಪನೆಯಾದ ಮೇಲೆ 441 ವರ್ಷಗಳ ಕಾಲ ಅಲ್ಲಿಯ ಜನ ಟೈಬರ್ ನದಿ, ಬಾವಿ ಮತ್ತು ಚಿಲುಮೆಗಳ ನೀರಿನಿಂದಲೇ ಬದುಕಿದರು ಎಂದು ರೋಮನ್ನರೇ ಹೇಳಿಕೊಂಡಿದ್ದಾರೆ. ನಗರ ಬೆಳೆದಂತೆ ಇವು ಸಾಲದಾದವು. ಕ್ರಿ.ಪೂ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ಮೊದಲ ಕಾಲುವೆಯನ್ನು ತೋಡಿಸಿದ. ರೋಮಿನಿಂದ ದಕ್ಷಿಣಕ್ಕೆ ಹೋಗುವ ಪ್ರಸಿದ್ಧ ಅಪ್ಪಿಯನ್ ಹೆದ್ದಾರಿಯನ್ನು ಆರಂಭಿಸಿದವನೂ ಇವನೇ. ಅವನ ಹೆಸರಿನ ಅಪ್ಪಿಯ ಕಾಲುವೆಯ ಉದ್ದ ಸುಮಾರು 16 ಕಿಲೋಮೀಟರ್. ಇದರಲ್ಲಿ ನೆಲದ ಮೇಲೆ ಕಾಣುತ್ತಿದ್ದದ್ದು ನೂರು ಮೀಟರಿಗೂ ಕಡಿಮೆ. ಉಳಿದದ್ದೆಲ್ಲ ನೆಲದಡಿಯಲ್ಲಿ!

ಕ್ರಿ.ಪೂ. 272ರಲ್ಲಿ ಆನಿಯೊ ನದಿಯಿಂದ ಎರಡನೆಯ ಕಾಲುವೆಯ ಕೆಲಸ ಆರಂಭವಾಯಿತು. ಕ್ರಿ.ಪೂ. 144ರಲ್ಲಿ ಕ್ವಿಂಟಸ್ ಮಾರ್ಕಿಯಸ್ ರೆಕ್ಸ್ ಎಂಬಾತ ಆರಂಭಿಸಿದ ಮಾರ್ಕಿಯ ಕಾಲುವೆ ಸುಮಾರು 91 ಕಿಲೋಮೀಟರ್ ಉದ್ದದ್ದು. ಅಗಸ್ಟಸ್ ಚಕ್ರವರ್ತಿಯ ಬಲಗೈಯಂತಿದ್ದ ಅಗ್ರಿಪ್ಪ ಕ್ರಿ.ಪೂ. 33ರಲ್ಲಿ ಜೂಲಿಯ ಕಾಲುವೆಯನ್ನೂ, ಕ್ರಿ.ಪೂ. 19ರಲ್ಲಿ ವಿರ್ಗೊ ಕಾಲುವೆಯನ್ನೂ ತಂದ. ಕ್ರಿ.ಶ. 52ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಇನ್ನೆರಡು ದೊಡ್ಡ ಕಾಲುವೆಗಳನ್ನು ಪೂರ್ಣಗೊಳಿಸಿದ. ಕ್ರಿ.ಶ. 226ರಲ್ಲಿ ಕಟ್ಟಿದ ಕೊನೆಯದನ್ನೂ ಸೇರಿಸಿದರೆ ಒಟ್ಟು ಹನ್ನೊಂದು ಕಾಲುವೆಗಳು ಆ ಒಂದೇ ನಗರಕ್ಕೆ ನೀರು ತಂದವು.

ನೀರು ಹರಿದದ್ದು ಹೇಗೆ?

ಇಷ್ಟು ದೂರದಿಂದ ನೀರು ಬಂದದ್ದು ಕೇವಲ ಇಳಿಜಾರಿನ ಬಲದಿಂದ. ಇಳಿಜಾರು ಹೆಚ್ಚಾದರೆ ನೀರು ರಭಸದಿಂದ ನುಗ್ಗಿ ಕಾಲುವೆಯನ್ನೇ ಕೊರೆಯುತ್ತದೆ. ಕಡಿಮೆಯಾದರೆ ನೀರು ನಿಂತು ಹೂಳು ತುಂಬುತ್ತದೆ. ಆದ್ದರಿಂದ ಬೆಟ್ಟದ ಓರೆಯನ್ನು ಅನುಸರಿಸಿ, ಬಳಸಿ ಬಳಸಿ, ಒಂದೇ ಹದದ ಇಳಿಜಾರಿನಲ್ಲಿ ಕಾಲುವೆಯನ್ನು ತರಬೇಕು. ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣಕ್ಕೆ ರೋಮನ್ನರು ಕಟ್ಟಿದ ಕಾಲುವೆಯನ್ನೇ ನೋಡಿ. ಚಿಲುಮೆಗೂ ಪಟ್ಟಣಕ್ಕೂ ನೇರ ದೂರ ಸುಮಾರು 20 ಕಿಲೋಮೀಟರ್. ಕಾಲುವೆ ಸುತ್ತಿ ಬಂದ ದೂರ ಸುಮಾರು 50 ಕಿಲೋಮೀಟರ್. ಈ 50 ಕಿಲೋಮೀಟರಿಗೂ ಸೇರಿ ಒಟ್ಟು ಇಳಿತ ಹದಿಮೂರು ಮೀಟರಿನಷ್ಟೂ ಇಲ್ಲ! ದಾರಿಯಲ್ಲಿ ಗಾರ್ದೋನ್ ನದಿಯ ಕಣಿವೆಯನ್ನು ದಾಟಿಸಲು ಮೂರು ಅಂತಸ್ತಿನ ಕಮಾನುಗಳ ಸೇತುವೆ ಕಟ್ಟಿದರು. ಅದೇ ಸುಮಾರು 49 ಮೀಟರ್ ಎತ್ತರದ, ಇಂದಿಗೂ ನಿಂತಿರುವ ಪಾಂ ದು ಗಾರ್.

ಇಂಥ ಕಮಾನುಗಳ ಚಿತ್ರವನ್ನೇ ನಾವು ಹೆಚ್ಚಾಗಿ ನೋಡುವುದರಿಂದ, ಕಾಲುವೆಯೆಲ್ಲ ಆಕಾಶದಲ್ಲೇ ಹರಿಯುತ್ತಿತ್ತು ಎನಿಸುತ್ತದೆ. ವಾಸ್ತವದಲ್ಲಿ ಕಮಾನು ಬೇಕಾಗುತ್ತಿದ್ದದ್ದು ತಗ್ಗು ನೆಲ ದಾಟಿಸುವಾಗ, ಇಲ್ಲವೇ ನಗರದೊಳಗೆ ಎತ್ತರದ ಬಡಾವಣೆಗಳಿಗೆ ನೀರು ಮುಟ್ಟಿಸುವಾಗ. ಮಾರ್ಕಿಯ ಕಾಲುವೆಯ 91 ಕಿಲೋಮೀಟರಿನಲ್ಲಿ ಸುಮಾರು 80 ಕಿಲೋಮೀಟರ್ ನೆಲದಡಿಯಲ್ಲೇ ಇತ್ತು. ಹೀಗೆ ಮುಚ್ಚಿಟ್ಟರೆ ನೀರು ತಂಪಾಗಿ, ಶುಚಿಯಾಗಿ ಉಳಿಯುತ್ತದೆ. ಶತ್ರುಗಳ ಕಣ್ಣಿಗೂ ಬೀಳುವುದಿಲ್ಲ. ಕಾಲುವೆಯ ಒಳಮೈಗೆ ಸುಣ್ಣದ ಜೊತೆ ಹೆಂಚು, ಮಡಕೆ ಚೂರುಗಳ ಪುಡಿ ಬೆರೆಸಿದ ಗಾರೆಯನ್ನು ಬಳಿಯುತ್ತಿದ್ದರು. ನಮ್ಮ ಹಳೆಯ ಕಟ್ಟಡಗಳ ಸುರ್ಕಿ ಗಾರೆಯನ್ನು ಬಲ್ಲವರಿಗೆ ಇದು ನೀರನ್ನು ಹೇಗೆ ತಡೆಯುತ್ತದೆಂದು ವಿವರಿಸಬೇಕಾಗಿಲ್ಲ. ಅಲ್ಲಲ್ಲಿ ಹೂಳು ತಂಗಲು ತೊಟ್ಟಿಗಳು, ಆಳುಗಳು ಇಳಿದು ಶುಚಿ ಮಾಡಲು ಬಾವಿಯಂಥ ಕಿಂಡಿಗಳು ಇದ್ದವು.

ಮಟ್ಟ ನೋಡುವುದರಲ್ಲಿ ತಪ್ಪಾದರೆ? ಅದಕ್ಕೂ ಒಂದು ಉದಾಹರಣೆ ಉಳಿದಿದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಸಾಲ್ದೆ ಪಟ್ಟಣಕ್ಕೆ (ಇಂದು ಅದು ಅಲ್ಜೀರಿಯದ ಬೆಜಾಯ) ನೀರು ತರಲು ಬೆಟ್ಟದೊಳಗೆ ಸುರಂಗ ಕೊರೆಯಲಾಗುತ್ತಿತ್ತು. ಎರಡು ಕಡೆಯಿಂದಲೂ ಕೊರೆಯುತ್ತ ಬಂದ ತಂಡಗಳು ನಡುವೆ ಕೂಡಲೇ ಇಲ್ಲ! ಎರಡೂ ದಾರಿ ತಪ್ಪಿ ಬೇರೆ ಬೇರೆ ದಿಕ್ಕಿಗೆ ಹೋಗಿದ್ದವು. ನೋನಿಯಸ್ ಡಾಟಸ್ ಎಂಬ ಸೇನೆಯ ಮೋಜಣಿದಾರನನ್ನು ಕರೆಸಿದರು. ದಾರಿಯಲ್ಲಿ ಡಕಾಯಿತರು ಅವನನ್ನು ದೋಚಿ ಗಾಯಗೊಳಿಸಿದರು. ಆದರೂ ಆತ ಬಂದು ಅಳತೆ ಸರಿಪಡಿಸಿ ಸುರಂಗವನ್ನು ಕೂಡಿಸಿದ. ಈ ಕಥೆಯನ್ನು ಕೆತ್ತಿಸಿದ ಕಲ್ಲಿನ ಮೇಲೆ ಮೂರು ಮುಖಗಳ ಕೆಳಗೆ ಮೂರು ಮಾತುಗಳಿವೆ: ತಾಳ್ಮೆ, ಧೈರ್ಯ, ಭರವಸೆ.

ಬೀದಿಯ ತೊಟ್ಟಿ, ಮನೆಯ ನಲ್ಲಿ

ನಗರ ತಲುಪಿದ ನೀರು ಮೊದಲು ಹಂಚಿಕೆ ತೊಟ್ಟಿಗಳಿಗೆ ಬೀಳುತ್ತಿತ್ತು. ಒಂದನೆಯ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ಇಂಥ 247 ತೊಟ್ಟಿಗಳಿದ್ದವು. ಅಲ್ಲಿಂದ ಸೀಸದ ಕೊಳವೆಗಳ ಮೂಲಕ ಬೀದಿ ಬದಿಯ ಸಾರ್ವಜನಿಕ ತೊಟ್ಟಿಗಳು, ಸ್ನಾನಗೃಹಗಳು, ಅರಮನೆ ಮತ್ತು ಅನುಮತಿ ಪಡೆದ ಮನೆಗಳಿಗೆ ನೀರು ಹೋಗುತ್ತಿತ್ತು. ಬೀದಿ ತೊಟ್ಟಿಗಳೇ 591 ಇದ್ದವು.

ಶ್ರೀಮಂತರ ಮನೆಯಂಗಳದಲ್ಲಿ ಕಾರಂಜಿ ಚಿಮ್ಮುತ್ತಿದ್ದರೆ, ಬಹುಪಾಲು ಜನ ವಾಸಿಸುತ್ತಿದ್ದ ಬಹುಮಹಡಿ ಬಾಡಿಗೆ ಮನೆಗಳ ಮೇಲಂತಸ್ತುಗಳಿಗೆ ನಲ್ಲಿ ಇರಲಿಲ್ಲ. ಅವರು ಬೀದಿಗೆ ಇಳಿದು ಬಂದು, ಕೊಡ ತುಂಬಿಕೊಂಡು, ಮೆಟ್ಟಿಲು ಹತ್ತಿ ಹೊರಬೇಕಿತ್ತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಪಟ್ಟಣದಲ್ಲಿ ಅಂಥ ಸುಮಾರು ನಲವತ್ತು ಬೀದಿ ತೊಟ್ಟಿಗಳು ಹಾಗೆಯೇ ಸಿಕ್ಕಿವೆ. ನೀರು ಬೀಳುವ ಬಾಯಿಯ ಎರಡು ಪಕ್ಕದಲ್ಲಿ ಕಲ್ಲು ಸವೆದು ನುಣುಪಾಗಿದೆ. ದಿನವೂ ಸಾವಿರಾರು ಜನ ಅಲ್ಲಿ ಕೈಯೂರಿ ಬಾಗಿ ನೀರು ಕುಡಿದ, ನೀರು ಹಿಡಿದ ಗುರುತು ಅದು.

ನೀರು ಹಗಲೂ ರಾತ್ರಿಯೂ ಹರಿಯುತ್ತಿತ್ತು. ತುಂಬಿ ಹೊರಚೆಲ್ಲಿದ್ದು ಬೀದಿಗಳನ್ನೂ ಒಳಚರಂಡಿಯನ್ನೂ ತೊಳೆಯುತ್ತಿತ್ತು. ಗಣರಾಜ್ಯದ ಹಳೆಯ ಕಾಲದಲ್ಲಿ ಕಾನೂನು ಕಟ್ಟುನಿಟ್ಟಾಗಿತ್ತು: ಕಾಲುವೆಯ ನೀರೆಲ್ಲ ಸಾರ್ವಜನಿಕರದು, ಖಾಸಗಿಯವರು ತೊಟ್ಟಿ ತುಂಬಿ ಚೆಲ್ಲಿದ ನೀರನ್ನಷ್ಟೇ, ಅದನ್ನೂ ಹಣ ಕೊಟ್ಟು, ಸ್ನಾನಗೃಹಕ್ಕೋ ಬಟ್ಟೆ ತೊಳೆಯುವ ಕಸುಬಿಗೋ ಪಡೆಯಬಹುದಿತ್ತು. ಮುಂದೆ ಚಕ್ರವರ್ತಿಗಳ ಕಾಲ ಬಂದಾಗ ಮನೆಗೆ ನೀರು ಪಡೆಯುವುದು ಅವರ ಅನುಗ್ರಹದ ವಿಷಯವಾಯಿತು. ಚಕ್ರವರ್ತಿಯ ಪತ್ರ ತಂದವರಿಗೆ ಮಾತ್ರ ಕೊಳವೆ. ಮನೆಯ ಯಜಮಾನ ಸತ್ತರೆ ಮಗನಿಗಾಗಲೀ, ಮನೆ ಮಾರಿದರೆ ಕೊಂಡವನಿಗಾಗಲೀ ಆ ಹಕ್ಕು ಹೋಗುತ್ತಿರಲಿಲ್ಲ. ಹೊಸದಾಗಿ ಅರ್ಜಿ ಹಾಕಬೇಕಿತ್ತು.

ಒಬ್ಬ ಅಧಿಕಾರಿ ಕಡತ ತೆರೆದಾಗ

ಕ್ರಿ.ಶ. 97ರಲ್ಲಿ ನರ್ವಾ ಚಕ್ರವರ್ತಿ ಸೆಕ್ಸ್ಟಸ್ ಜೂಲಿಯಸ್ ಫ್ರಾಂಟಿನಸ್ ಎಂಬುವರನ್ನು ರೋಮಿನ ನೀರು ಸರಬರಾಜಿನ ಮುಖ್ಯಾಧಿಕಾರಿಯಾಗಿ ನೇಮಿಸಿದ. ಫ್ರಾಂಟಿನಸ್ ಸಾಮಾನ್ಯರಲ್ಲ, ಅದಕ್ಕೆ ಮೊದಲೇ ಬ್ರಿಟನ್ನಿನ ರಾಜ್ಯಪಾಲರಾಗಿದ್ದವರು, ದಂಡನಾಯಕರು. ಇಂಥವರು ಬಯಸಿದ್ದರೆ ಕುರ್ಚಿಯಲ್ಲಿ ಕುಳಿತು ಗುಮಾಸ್ತರು ತಂದ ಕಾಗದಕ್ಕೆ ಮುದ್ರೆ ಒತ್ತಿಕೊಂಡು ಇರಬಹುದಿತ್ತು. ಆದರೆ ಕೈಕೆಳಗಿನವರು ಹೇಳಿಕೊಟ್ಟಂತೆ ಅಧಿಕಾರ ನಡೆಸುವುದು ಮರ್ಯಾದಸ್ಥನಿಗೆ ನಾಚಿಕೆಗೇಡು ಎಂಬುದು ಅವರ ಅಭಿಪ್ರಾಯ. ಹೀಗಾಗಿ ಪ್ರತಿ ಕಾಲುವೆಯನ್ನೂ ಖುದ್ದಾಗಿ ಪರಿಶೀಲಿಸಿ, ಅಳೆದು, ತಾವು ಕಲಿತದ್ದನ್ನೆಲ್ಲ ಒಂದು ಪುಸ್ತಕವಾಗಿ ಬರೆದಿಟ್ಟರು.

ಆಗ ನೀರನ್ನು ಅಳೆಯುತ್ತಿದ್ದ ಮಾನದ ಹೆಸರು ಕ್ವಿನಾರಿಯ. ಸುಮಾರು 2.3 ಸೆಂಟಿಮೀಟರ್ ವ್ಯಾಸದ ಕೊಳವೆಯಿಂದ ಹರಿಯುವ ನೀರು ಒಂದು ಕ್ವಿನಾರಿಯ. ಅರಮನೆಯ ಕಡತದ ಪ್ರಕಾರ ಎಲ್ಲ ಕಾಲುವೆಗಳಿಂದ ಬರುತ್ತಿದ್ದದ್ದು 12,755 ಕ್ವಿನಾರಿಯ. ಹಂಚುತ್ತಿದ್ದದ್ದು 14,018. ಅಂದರೆ ಬಂದದ್ದಕ್ಕಿಂತ ಹಂಚಿದ್ದು 1,263 ಹೆಚ್ಚು! ಇದು ಹೇಗೆ ಸಾಧ್ಯ? ಫ್ರಾಂಟಿನಸ್ ಮೂಲಕ್ಕೇ ಹೋಗಿ ಅಳೆದರು. ಕಡತದಲ್ಲಿ ಬರೆದದ್ದಕ್ಕಿಂತ ಸುಮಾರು ಹತ್ತು ಸಾವಿರ ಕ್ವಿನಾರಿಯದಷ್ಟು ಹೆಚ್ಚು ನೀರು ಕಾಲುವೆಗಳಲ್ಲಿ ಹರಿಯುತ್ತಿತ್ತು. ಆ ನೀರು ಲೆಕ್ಕಕ್ಕೇ ಬಾರದೆ ಎಲ್ಲೋ ಮಾಯವಾಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಫ್ರಾಂಟಿನಸ್ ಅಳೆದದ್ದು ಮುಖ್ಯವಾಗಿ ಹರಿವಿನ ಅಗಲ, ಆಳಗಳನ್ನು. ನೀರಿನ ವೇಗವನ್ನು ಲೆಕ್ಕಕ್ಕೆ ಹಿಡಿಯುವ ವಿಧಾನ ಆಗ ಇರಲಿಲ್ಲ. ಒಂದೇ ಅಳತೆಯ ನಲ್ಲಿಯನ್ನು ಎತ್ತರದ ಟ್ಯಾಂಕಿಗೆ ಜೋಡಿಸಿದಾಗ ಬರುವ ನೀರೇ ಬೇರೆ, ತಗ್ಗಿನ ಟ್ಯಾಂಕಿಗೆ ಜೋಡಿಸಿದಾಗ ಬರುವ ನೀರೇ ಬೇರೆ ಎಂಬುದು ನಿಮಗೆ ಗೊತ್ತು. ಆದ್ದರಿಂದ ಅವರ ಅಂಕಿಗಳನ್ನು ಇಂದಿನ ಲೀಟರಿಗೆ ನೇರವಾಗಿ ಪರಿವರ್ತಿಸಲಾಗದು. ಆದರೆ ಕಳ್ಳತನ ನಡೆದಿತ್ತೆಂಬುದಕ್ಕೆ ಬೇರೆ ಸಾಕ್ಷಿಗಳೂ ಅವರ ಕೈಗೆ ಸಿಕ್ಕವು.

ನೀರುಗಂಟಿಗಳ ಕೈಚಳಕ

ನಿಯಮದಂತೆ, ಅನುಮತಿ ಪಡೆದ ಪ್ರತಿ ಮನೆಯ ಕೊಳವೆಯ ಬುಡಕ್ಕೂ ಒಂದು ಕಂಚಿನ ಮೂತಿಯನ್ನು ಕೂರಿಸಬೇಕಿತ್ತು. ಸೀಸ ಮೆತ್ತಗಿನ ಲೋಹ, ಬಡಿದು ಹಿಗ್ಗಿಸಬಹುದು. ಕಂಚನ್ನು ಹಾಗೆ ಮಾಡಲಾಗದು. ಮೂತಿಗೆ ಸರ್ಕಾರಿ ಮುದ್ರೆ ಇರಬೇಕು. ಅದಾದ ಮೇಲೆ 50 ಅಡಿಗಳವರೆಗೆ ಕೊಳವೆಯೂ ಅದೇ ಅಳತೆಯದಾಗಿರಬೇಕು. ಎಷ್ಟು ಮುಂದಾಲೋಚನೆಯ ನಿಯಮ, ನೋಡಿ!

ಆದರೆ ನಿಯಮ ಜಾರಿಗೆ ತರಬೇಕಾದ ನೀರುಗಂಟಿಗಳೇ ಅದರ ಸಂದುಗಳನ್ನು ಬಲ್ಲವರಾಗಿದ್ದರು. ಕೆಲವೆಡೆ ಮುದ್ರೆಯಿಲ್ಲದ ದೊಡ್ಡ ಮೂತಿ ಹಾಕಿದ್ದರು. ಕೆಲವೆಡೆ ಮೂತಿಯೇ ಇಲ್ಲದೆ ಕೊಳವೆಯನ್ನು ನೇರವಾಗಿ ತೊಟ್ಟಿಗೆ ತೂರಿಸಿದ್ದರು. ಹೆಚ್ಚು ನೀರು ಬರಲೆಂದು ಕೆಲವು ಮೂತಿಗಳನ್ನು ತಗ್ಗಿನಲ್ಲಿ ಕೂರಿಸಿದ್ದರು. ಹಕ್ಕು ಹೊಸಬರಿಗೆ ಬದಲಾದಾಗ ತೊಟ್ಟಿಗೆ ಹೊಸ ತೂತು ಕೊರೆದು, ಹಳೆಯದನ್ನು ಮುಚ್ಚದೆ ಬಿಟ್ಟು, ಅದರಿಂದ ಬರುವ ನೀರನ್ನು ಮಾರಿಕೊಳ್ಳುತ್ತಿದ್ದರು. ಬೀದಿಯ ಕಲ್ಲುಹಾಸಿನ ಕೆಳಗೆ ಹೋಗುವ ಮುಖ್ಯ ಕೊಳವೆಗೆ ಅಲ್ಲಲ್ಲಿ ತೂತು ಹೊಡೆದು ವ್ಯಾಪಾರಿಗಳಿಗೆ ಗುಟ್ಟಾಗಿ ನೀರು ಕೊಡುವುದನ್ನೇ ಕಸುಬು ಮಾಡಿಕೊಂಡವನಿಗೆ ಒಂದು ಅಡ್ಡಹೆಸರೂ ಇತ್ತು.

ಎಲ್ಲಕ್ಕಿಂತ ಚತುರತನದ್ದು ಅಳತೆಯ ಮೋಸ. ನೀರನ್ನು ಪಡೆದುಕೊಳ್ಳುವಾಗ ಬಳಸುತ್ತಿದ್ದ ದೊಡ್ಡ ಅಳತೆಯ ಕೊಳವೆಗಳನ್ನು ಇರಬೇಕಾದದ್ದಕ್ಕಿಂತ ಹಿಗ್ಗಿಸಿದ್ದರು. ಜನರಿಗೆ ಕೊಡುವಾಗ ಬಳಸುತ್ತಿದ್ದ ಸಣ್ಣ ಅಳತೆಯ ಕೊಳವೆಯನ್ನು ಕುಗ್ಗಿಸಿದ್ದರು. ಪಡೆಯುವ ಸೇರು ದೊಡ್ಡದು, ಕೊಡುವ ಸೇರು ಚಿಕ್ಕದು! ನಡುವೆ ಉಳಿದದ್ದು ಅವರ ಲಾಭ. ನಗರದ ಹೊರಗೆ, ಕಾಲುವೆಯ ಪಕ್ಕದ ಜಮೀನುದಾರರು ಗೋಡೆಗೆ ಕನ್ನ ಕೊರೆದು ತೋಟಗಳಿಗೆ ನೀರು ಹಾಯಿಸುತ್ತಿದ್ದರು. ಇತ್ತ ಬೀದಿ ತೊಟ್ಟಿಯ ಮುಂದೆ ಕೊಡ ಹಿಡಿದು ನಿಂತ ಹೆಂಗಸಿಗೆ ನೀರು ಸಣ್ಣಗೆ ಬರುತ್ತಿತ್ತು.

ಫ್ರಾಂಟಿನಸ್ ಕಳ್ಳ ಕೊಳವೆಗಳನ್ನು ಕೀಳಿಸಿದರು. ಹೀಗೆ ಕಿತ್ತು ತಂದ ಸೀಸದ ರಾಶಿಯೇ ಎಷ್ಟು ಕಳ್ಳತನ ನಡೆದಿತ್ತೆಂಬುದಕ್ಕೆ ಸಾಕ್ಷಿಯಾಯಿತು. ಎಷ್ಟೋ ಬೀದಿ ತೊಟ್ಟಿಗಳಿಗೆ ಎರಡು ಬೇರೆ ಬೇರೆ ಕಾಲುವೆಗಳಿಂದ ಎರಡು ನಲ್ಲಿಗಳು ಬಂದವು. ಒಂದು ನಿಂತರೂ ಇನ್ನೊಂದು ಹರಿಯಲಿ ಎಂಬುದು ಉದ್ದೇಶ. ಕೆಸರು ನೀರು ಒಳ್ಳೆಯ ನೀರಿನೊಡನೆ ಬೆರೆಯುತ್ತಿದ್ದದ್ದನ್ನೂ ತಪ್ಪಿಸಲಾಯಿತು. ತಂಪಾಗಿ ತಿಳಿಯಾಗಿದ್ದ ಮಾರ್ಕಿಯ ನೀರು ಕುಡಿಯುವುದಕ್ಕೆ. ಕದಡಿದ ಹಳೆಯ ಆನಿಯೊ ನೀರು ತೋಟ ಮತ್ತು ಇತರ ಕೆಲಸಗಳಿಗೆ.

ಏಳುನೂರು ಜೊತೆ ಕೈಗಳು

ಇಷ್ಟೆಲ್ಲ ನಡೆಯಲು ದುಡಿದ ಕೈಗಳು ಯಾರವು? ಅಗ್ರಿಪ್ಪ ತನ್ನ ಸ್ವಂತ 240 ಗುಲಾಮರ ತಂಡವೊಂದನ್ನು ಕಾಲುವೆಗಳ ನಿಗಾ ನೋಡಲು ಇಟ್ಟಿದ್ದ. ಅವನ ಮರಣದ ನಂತರ ಅದು ಅಗಸ್ಟಸ್‌ನ ಪಾಲಿಗೆ ಬಂತು. ಆತ ಅದನ್ನು ಸಾರ್ವಜನಿಕರಿಗೆ ಒಪ್ಪಿಸಿದ. ಮುಂದೆ ಕ್ಲಾಡಿಯಸ್ ಇನ್ನೂ 460 ಜನರನ್ನು ಸೇರಿಸಿದ. ತೊಟ್ಟಿ ಕಾಯುವವರು, ಕಾಲುವೆಯುದ್ದಕ್ಕೂ ಗಸ್ತು ತಿರುಗುವವರು, ಕಲ್ಲು ಹಾಸುವವರು, ಗಾರೆ ಕೆಲಸದವರು, ಎಲ್ಲರೂ ಇದ್ದರು. ರೋಮಿನ ನೀರಿನ ಹಿರಿಮೆಯನ್ನು ಕೊಂಡಾಡುವಾಗ, ಕತ್ತಲ ಕಾಲುವೆಯೊಳಗೆ ಬಗ್ಗಿ ನಡೆದು ಸುಣ್ಣದ ಹಕ್ಕಳೆ ಕೆರೆದವರು ಸ್ವಾತಂತ್ರ್ಯವಿಲ್ಲದ ಗುಲಾಮರು ಎಂಬುದನ್ನು ನಾವು ಮರೆಯಬಾರದು.

ಈ ಆಳುಗಳನ್ನೂ ಪ್ರಭಾವಶಾಲಿಗಳು ಲಂಚ ಕೊಟ್ಟು ತಮ್ಮ ಮನೆಗೆಲಸಕ್ಕೆ ಎಳೆದುಕೊಂಡಿದ್ದರು. ಫ್ರಾಂಟಿನಸ್ ಅದನ್ನು ನಿಲ್ಲಿಸಿದರು. ನಾಳೆ ಯಾವ ತಂಡ ಏನು ಮಾಡಬೇಕೆಂದು ಇಂದೇ ಬರೆದಿಡುವ, ದಿನದ ಕೊನೆಗೆ ಏನಾಯಿತೆಂದು ದಾಖಲಿಸುವ ಪದ್ಧತಿ ತಂದರು. ಬೇಡಿಕೆ ಹೆಚ್ಚಿರುವ ಕಡುಬೇಸಿಗೆಯಲ್ಲಿ ದುರಸ್ತಿ ಬೇಡ. ಒಂದು ಸಲಕ್ಕೆ ಒಂದೇ ಕಾಲುವೆ ನಿಲ್ಲಿಸಬೇಕು ಎಂಬುದೂ ಅವರ ಸೂಚನೆ. ಕಾನೂನೂ ಬೆಂಬಲಕ್ಕಿತ್ತು. ಕ್ರಿ.ಪೂ. 9ರ ಕಾಯ್ದೆಯ ಪ್ರಕಾರ ಬೇಕೆಂದೇ ಕಾಲುವೆ ಒಡೆದವರಿಗೆ ಒಂದು ಲಕ್ಷ ಸೆಸ್ಟರ್ಸ್ ದಂಡ. ಮರದ ಬೇರು ಕಲ್ಲನ್ನು ಸೀಳಬಾರದೆಂದು ಕಮಾನುಗಳ ಎರಡೂ ಬದಿ 15 ಅಡಿ ಜಾಗ ಖಾಲಿ ಬಿಡಬೇಕಿತ್ತು. ಕೆಲಸಕ್ಕೆ ಬಾರದ ಪಿರಮಿಡ್ಡುಗಳನ್ನು ಈ ಉಪಯುಕ್ತ ಕಾಲುವೆಗಳಿಗೆ ಹೋಲಿಸಲಾದೀತೇ ಎಂದು ಫ್ರಾಂಟಿನಸ್ ಹೆಮ್ಮೆಪಟ್ಟಿದ್ದಾರೆ.

ಸೀಸದಿಂದ ರೋಮ್ ಕೆಟ್ಟಿತೇ?

ಸೀಸದ ಕೊಳವೆಯ ನೀರು ಕುಡಿದು ರೋಮನ್ನರು ಬುದ್ಧಿ ಕೆಟ್ಟು, ಸಾಮ್ರಾಜ್ಯವೇ ಬಿತ್ತು ಎಂಬ ಮಾತನ್ನು ನೀವು ಕೇಳಿರಬಹುದು. ಸೀಸ ವಿಷವೆಂಬುದು ನಿಜ. ಮಣ್ಣಿನ ಕೊಳವೆಯ ನೀರೇ ಆರೋಗ್ಯಕ್ಕೆ ಒಳ್ಳೆಯದೆಂದು ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲೇ ಎಚ್ಚರಿಸಿದ್ದ. ಆದರೆ ನೀರು ಸದಾ ಹರಿಯುತ್ತಿದ್ದುದರಿಂದ ಕೊಳವೆಯಲ್ಲಿ ನಿಲ್ಲುತ್ತಿರಲಿಲ್ಲ. ಗಡಸು ನೀರಿನ ಸುಣ್ಣ ಕೊಳವೆಯ ಒಳಗೆ ಪದರಗಟ್ಟಿ ಸೀಸವನ್ನು ಮರೆಮಾಡುತ್ತಿತ್ತು. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೆ, ಕೊಳವೆ ನೀರಿನಲ್ಲಿ ಅಲ್ಲಿಯ ಚಿಲುಮೆಗಳಿಗಿಂತ ನೂರು ಪಟ್ಟಿನವರೆಗೂ ಹೆಚ್ಚು ಸೀಸವಿದ್ದಿರಬಹುದೆಂದು ಕಂಡುಕೊಂಡಿತು. ಆದರೂ ನಗರವನ್ನು ಹಾಳುಮಾಡುವಷ್ಟು ಅಪಾಯಕಾರಿಯಾಗಿರಲಾರದು ಎಂದಿತು.

ನೀರು ನಿಂತ ದಿನ

ಹಾಗಾದರೆ ರೋಮಿನ ನೀರು ನಿಂತದ್ದು ಹೇಗೆ? ಕ್ರಿ.ಶ. 537ರಲ್ಲಿ ಗಾಥ್ ಜನರ ದೊರೆ ವಿಟಿಗೆಸ್ ನಗರವನ್ನು ಮುತ್ತಿ ಕಾಲುವೆಗಳನ್ನು ಕಡಿಸಿದ. ಒಳಗಿದ್ದ ದಂಡನಾಯಕ ಬೆಲಿಸಾರಿಯಸ್ ಕಾಲುವೆಗಳ ಬಾಯಿಗೆ ತಾನೂ ಗೋಡೆ ಕಟ್ಟಿಸಿದ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷವಷ್ಟೇ ಬತ್ತಿದ ಕಾಲುವೆಯೊಳಗಿಂದ ಸೈನಿಕರನ್ನು ನುಗ್ಗಿಸಿ ನೇಪಲ್ಸ್ ನಗರವನ್ನು ಗೆದ್ದವನು ಅವನೇ! ಕಾಲುವೆ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳೂ ನಿಂತವು. ಆಗ ಟೈಬರ್ ನದಿಯಲ್ಲಿ ದೋಣಿಗಳ ಮೇಲೆ ಗಿರಣಿ ಹೂಡಿ ಜನರಿಗೆ ರೊಟ್ಟಿ ಒದಗಿಸಬೇಕಾಯಿತು.

ಕಡಿದ ಕಾಲುವೆಯನ್ನು ಮತ್ತೆ ಕಟ್ಟಬಹುದಿತ್ತು. ಬೆಲಿಸಾರಿಯಸ್ ಕೆಲವನ್ನು ರಿಪೇರಿ ಮಾಡಿಸಿದ; ಎಂಟನೆಯ ಶತಮಾನದ ಕೊನೆಯಲ್ಲಿ ಪೋಪ್ ಒಂದನೆಯ ಹೇಡ್ರಿಯನ್ ಕೂಡ ಮಾಡಿಸಿದ. ಆದರೆ ಗಸ್ತು ತಿರುಗುವ ತಂಡ, ಗಾರೆಯವರ ಸಂಬಳ, ಲೆಕ್ಕ ಬರೆಯುವ ಕಚೇರಿ ಯಾವುದೂ ಮೊದಲಿನಂತೆ ಉಳಿದಿರಲಿಲ್ಲ. ಬಿರುಕು ಬಿಟ್ಟಲ್ಲಿ ನೀರು ಸೋರಿತು, ಸುಣ್ಣ ಕಟ್ಟಿದಲ್ಲಿ ಹರಿವು ಕುಗ್ಗಿತು. ಬೆಟ್ಟದ ಮೇಲಿನ ಬಡಾವಣೆಗಳು ಬರಿದಾದವು. ಅಳಿದುಳಿದ ಕೆಲವು ಹತ್ತು ಸಾವಿರ ಜನ ಟೈಬರ್ ನದಿಯ ತಿರುವಿನ ಸುತ್ತ ಬಂದು ನೆಲೆಸಿದರು. ಒಂಬೈನೂರು ವರ್ಷಗಳ ಹಿಂದಿನಂತೆ ಮತ್ತೆ ನದಿ, ಮತ್ತೆ ಬಾವಿ.

ಅಗ್ರಿಪ್ಪ ತಂದ ವಿರ್ಗೊ ಕಾಲುವೆ ಹೆಚ್ಚಾಗಿ ನೆಲದಡಿಯಲ್ಲೇ ಇದ್ದುದರಿಂದ ಬಚಾವಾಯಿತು. ಕಾಲಕಾಲಕ್ಕೆ ಅದನ್ನು ದುರಸ್ತಿ ಮಾಡುತ್ತ ಬಂದರು. ಪ್ರವಾಸಿಗರು ಬೆನ್ನು ತಿರುಗಿಸಿ ನಾಣ್ಯ ಎಸೆಯುವ, 1762ರಲ್ಲಿ ಪೂರ್ಣಗೊಂಡ ಟ್ರೆವಿ ಕಾರಂಜಿಗೆ ನೀರು ಬರುವುದು ಅದರ ಉತ್ತರಾಧಿಕಾರಿ ಕಾಲುವೆಯಿಂದಲೇ. ಫ್ರಾಂಟಿನಸ್ ಬರೆದ ಪುಸ್ತಕದ ಹಸ್ತಪ್ರತಿಯೂ ಮಾಂಟೆ ಕಾಸಿನೊ ಎಂಬ ಮಠದಲ್ಲಿ ಹೀಗೆಯೇ ಉಳಿದು, ಹದಿನೈದನೆಯ ಶತಮಾನದಲ್ಲಿ ಪೊಜ್ಜೊ ಎಂಬ ವಿದ್ವಾಂಸನ ಕೈಗೆ ಸಿಕ್ಕಿತು.

ಇನ್ನು ಮುಂದೆ ರೋಮನ್ ಕಮಾನುಗಳ ಚಿತ್ರ ನಿಮ್ಮ ಕಣ್ಣಿಗೆ ಬಿದ್ದಾಗ, ಕಲ್ಲಿನ ಎತ್ತರವನ್ನು ಮೆಚ್ಚಿಕೊಳ್ಳಿ. ಜೊತೆಗೆ ಮುದ್ರೆ ಒತ್ತಿದ ಆ ಕಂಚಿನ ಮೂತಿಯನ್ನೂ, ಬೀದಿ ತೊಟ್ಟಿಯ ಸವೆದ ಅಂಚನ್ನೂ, ನಾಳೆಯ ದುರಸ್ತಿಯನ್ನು ಇಂದೇ ಬರೆದಿಟ್ಟ ಕಡತವನ್ನೂ ನೆನಪಿಸಿಕೊಳ್ಳಿ. ಆರು ನೂರು ವರ್ಷಕ್ಕೂ ಹೆಚ್ಚು ಕಾಲ ಆ ನಗರದ ಕೊಡಗಳು ತುಂಬಿದ್ದು ಇವೆಲ್ಲ ಜೊತೆಯಾಗಿದ್ದುದರಿಂದ.